ಕಲಗಚ್ಚಿನ ಬೆಳಕು

ಜನವರಿ 18, 1996. ಬೆಳಿಗ್ಗೆ

…ಹಾಗಾಗಿ ದೊಡ್ಡಕ್ಕ ಹೇಳಿದ್ದೇ ಸರಿಯಿರಬಹುದು. ಫ್ಲ್ಯಾಶ್ ಅನ್ನುವುದು ಬೆಳಕಲ್ಲ, ಬೈಗುಳ. ಮುಖದ ಮೇಲೆ ಥಟ್ಟನೆ ಬೈದರೆ ಯಾರಾದರೂ ಕಣ್ಣು ಮುಚ್ಚುತ್ತಾರೆ. ನಿನ್ನೆ ಇದನ್ನೇ ಬರೆಯುತ್ತಿದ್ದೆ, ಕರೆಂಟ್ ಹೋಯಿತು. ಕರೆಂಟಿಗೂ ನನ್ನ ಮಾತು ಸಾಕಾಗಿರಬೇಕು.

ವಿಷಯ ಇಷ್ಟು. ಪಾಲಮಲೆಯ ಕುಪ್ಪಸ್ವಾಮಿ ಸಂತೆಗೆ ಬಂದವನು ನನ್ನ ಫೋಟೋ ಸ್ಟುಡಿಯೋಗೂ ಬಂದ. ಮಲೆ ಮೇಲೆ ಒಂದಿಷ್ಟು ರಾಗಿ, ಒಂದು ಹಿಂಡು ಕುರಿ, ಅಷ್ಟೇ ಅವನ ಸಂಸಾರ. ಟವಲಿನಲ್ಲಿ ಮೂರು ಫೋಟೋ ಸುತ್ತಿ ತಂದಿದ್ದ. ಮೂರೂ ಅವನ ತಾಯಿ ರಾಮಕ್ಕನವು. ಒಂದು ಅವನ ಮದುವೆಯಲ್ಲಿ ತೆಗೆದದ್ದು, ಒಂದು ಮಗುವಿನ ನಾಮಕರಣದ್ದು, ಇನ್ನೊಂದು ಮೆಟ್ಟೂರು ಪಾರ್ಕಿನಲ್ಲಿ ಯಾರೋ ತೆಗೆದುಕೊಟ್ಟದ್ದು. ಮೂರರಲ್ಲೂ ಮುದುಕಿಯ ಕಣ್ಣು ಮುಚ್ಚಿದೆ. ಬರೀ ಮುಚ್ಚಿರುವುದಲ್ಲ, ಹಿಂಡಿ ಮುಚ್ಚಿದೆ. ಫ್ಲ್ಯಾಶ್ ಚಾರ್ಜ್ ಆಗುವಾಗ ಕುಂಯ್ ಅನ್ನುತ್ತದಲ್ಲ, ಆ ಸದ್ದಿಗೇ ಮುಚ್ಚಿಕೊಳ್ಳುತ್ತಾಳಂತೆ.

ಅವರ ಮನೆತನದಲ್ಲಿ ಕಣ್ಣು ಮುಚ್ಚಿದ ಪಟ ಗೋಡೆ ಹತ್ತುವುದಿಲ್ಲ. ಅದು ಹಾರ ಹಾಕುವ ಕಾಲಕ್ಕೆ ಅಂತ ಟ್ರಂಕಿನಲ್ಲಿ ಇಡುವುದು. ಮೂರೂ ಟ್ರಂಕಿನಲ್ಲೇ ಇದ್ದವು.

"ಅಣ್ಣಾ, ಅವ್ವ ಕಣ್ಣು ಬುಟ್ಟಿರೋ ಪಟ ಒಂದು ಬೇಕು."

"ಇಷ್ಟು ವರ್ಷ ಇಲ್ಲದ್ದು ಈಗೇನಪ್ಪಾ ಅವಸರ?"

"ಡಾಕ್ಟ್ರು ಕಣ್ಣಿನ ನರ ಒಣಗ್ತಾ ಐತೆ ಅಂದ್ಬುಟ್ರು. ಪೊರೆ ಆಗಿದ್ರೆ ಆಪರೇಶನ್ ಮಾಡ್ಬೋದಂತೆ. ಇದಕ್ಕೆ ಏನೂ ಇಲ್ವಂತೆ. ಇನ್ನೊಂದ್ ಮಳೆಗಾಲ ಕಂಡ್ರೆ ಎಚ್ಚು ಅಂದ್ರು. ಅವ್ವ ಅಳ್ನಿಲ್ಲ ಅಣ್ಣಾ. ಎಲ್ಲಾರ್ ಕಣ್ಣೂ ನೋಡಿವ್ನಿ, ನಂದೊಂದ್ ನೋಡ್ನಿಲ್ಲ ಕಣ್ಲಾ ಅಂದ್ಲು."

ಮನೆಯಲ್ಲಿ ಕನ್ನಡಿ ಇಲ್ಲವೇ ಅಂತ ಕೇಳಿದೆ. ಬುದ್ಧಿವಂತನ ಪ್ರಶ್ನೆ.

"ಅಪ್ಪ ಓದ್ ಮ್ಯಾಕೆ ಅವ್ವ ಕನ್ನಡಿ ಮುಟ್ಟಿಲ್ಲ. ಅದುಕ್ ಮುಂಚೆ ಮುಟ್ಟಿದ್ರೂ ಕುಂಕುಮ ನೆಟ್ಟಗೈತಾ ಅಂತ ನೋಡ್ಕಂಡಿರ್ತಾಳೆ. ಕಣ್ಣ ಯಾರ್ ನೋಡ್ಕತಾರೆ?"

ಬರುತ್ತೇನೆ ಅಂದೆ. ಮಲೆ ಹತ್ತಿ ಎಷ್ಟು ಕಾಲವಾಯಿತೋ. ಒಳಗಿನಿಂದ ದೊಡ್ಡಕ್ಕ, "ಈ ಮಂಡಿ ಇಟ್ಕಂಡು ಇವ್ನು ಮಲೆ ಅತ್ತಾನಾ? ಮಲೆನೇ ಇಳ್ದು ಬರ್ಬೇಕು" ಅಂದಳು. ನನ್ನ ಒಡಹುಟ್ಟಿದ ಅಕ್ಕ. ಭಾವ ಹೋದ ಮೇಲೆ ನಮ್ಮ ಮನೆಗೇ ಬಂದವಳು. ಅಡುಗೆ ಒಂದು ಕೈಯಲ್ಲಿ, ನನ್ನನ್ನು ಆಡಿಕೊಳ್ಳುವುದು ಇನ್ನೊಂದು ಕೈಯಲ್ಲಿ. ಫುಲ್ ಟೈಮ್ ಸರ್ವೀಸ್.

ಜನವರಿ 20. ಮಧ್ಯಾಹ್ನ

ಗಿರಾಕಿ ಇಲ್ಲ. ಒಂದು ಪಾಸ್‌ಪೋರ್ಟ್ ಸೈಜು, ಅದೂ ನಾಳೆ ಕೊಟ್ಟರೆ ಸಾಕಂತೆ. ಬ್ಯಾಗ್ ಜೋಡಿಸುತ್ತ ಕೂತಿದ್ದೇನೆ.

ಹೊಸ ಬ್ಯಾಗ್. ಪೊಂಗಲ್‌ಗೆ ಮಗಳು ಪುಷ್ಪಾ ಸೇಲಂನಿಂದ ತಂದದ್ದು. ಕಪ್ಪು ನೈಲಾನ್. ಎಲ್ಲೆಲ್ಲೂ ಜೇಬು. ಜೇಬಿನೊಳಗೆ ಜೇಬು. ಲೆನ್ಸ್ ಒಂದು ಕಡೆ ಇಟ್ಟೆ, ಅದನ್ನು ಹುಡುಕಲು ಕನ್ನಡಕ ಬೇಕಾಯಿತು, ಕನ್ನಡಕ ಇನ್ನೊಂದು ಜೇಬಿನಲ್ಲಿತ್ತು. ಅಂಟುಪಟ್ಟಿಯ ಮುಚ್ಚಳ ತೆಗೆದರೆ ಪರ್ರ್ ಅಂತ ಹೊಸ ಬಟ್ಟೆ ಹರಿದ ಸದ್ದು. ಪ್ರತಿ ಸಲ ದೊಡ್ಡಕ್ಕ ಬೆಚ್ಚಿ, "ಏನ್ ಅರ್ಕಂಡ್ಯೋ?" ಅನ್ನುತ್ತಾಳೆ. ಆದರೂ ಮಗಳು ಕೊಟ್ಟದ್ದು. ಒಯ್ಯಬೇಕು.

ಹಳೆಯದು ನನ್ನ ಹೆಂಡತಿ ಮುನಿಲಕ್ಷ್ಮಿ ಹೊಲಿದದ್ದು. ಹೊರಗೆ ಗೋಣಿ, ಒಳಗೆ ಅವಳ ಹಳೆ ಸೀರೆಗಳ ಒತ್ತು. ಕ್ಯಾಮೆರಾಕ್ಕೆ ಒಂದು ಗೂಡು, ಲೆನ್ಸಿಗೆ ಒಂದು, ಪಕ್ಕದಲ್ಲಿ ಬೆಳಕು ಅಳೆಯುವ ಲೈಟ್ ಮೀಟರಿಗೆ ಒಂದು. ಕತ್ತಲಲ್ಲಿ ಕೈ ಹಾಕಿದರೂ ಸಿಗುತ್ತಿತ್ತು. ಅಟ್ಟದ ಮೇಲಿದೆ.

ಮೀಟರನ್ನು ಇವತ್ತು ಬೀರುವಿನಿಂದ ಹೊರಗೆ ತೆಗೆದೆ. ಅವಳು ಹೋಗಿ ನಾಲ್ಕು ವರ್ಷ, ಅಂದಿನಿಂದ ತೆಗೆದಿರಲಿಲ್ಲ. ಅಂಗೈಯಗಲ, ಮೇಲೆ ಅರ್ಧ ಕೋಳಿಮೊಟ್ಟೆಯಂಥ ಬಿಳಿ ಗುಮ್ಮಟ, ಕೆಳಗೆ ಮುಳ್ಳು. ಬ್ಯಾಟರಿ ಬೇಡ. ಬೆಳಕು ಬಿದ್ದರೆ ಮುಳ್ಳು ಏಳುತ್ತದೆ. ಎದ್ದಿತು! ಸೆಲೀನಿಯಂ. ಸೇಲಂ ಕಾಲೇಜಿನಲ್ಲಿ ಒಂದು ವರ್ಷ ಫಿಸಿಕ್ಸ್ ಓದಿದೆನಲ್ಲ, ಇದನ್ನು ಹೇಳಿಕೊಟ್ಟಿದ್ದರು… ಲೈಟ್ ಫಾಲ್ಸ್ ಆನ್ ದಿ ಮೆಟಲ್, ಆ್ಯಂಡ್ ದಿ ಎಲೆಕ್ಟ್ರಾನ್ಸ್ ಆರ್… ಆರ್ ವೆರಿ ಮಚ್ ಡಿಸ್ಟರ್ಬ್ಡ್. ಹೀಗೇ ಏನೋ. ದೇರ್‌ಫೋರ್ ಹೆನ್ಸ್ ಪ್ರೂವ್ಡ್.

ಕ್ಯಾಮೆರಾದೊಳಗೂ ಒಂದು ಮುಳ್ಳಿದೆ. ಆದರೆ ಅದು ದೂರದಿಂದ ನೋಡಿ ಹೇಳುವುದು. ಬಿಳಿ ವೇಷ್ಟಿ ಕಂಡರೆ ಬೆಳಕು ಜಾಸ್ತಿ ಅನ್ನುತ್ತದೆ, ಕಪ್ಪು ಕೋಟು ಕಂಡರೆ ಕಡಿಮೆ ಅನ್ನುತ್ತದೆ. ಈ ಮೀಟರು ಹಾಗಲ್ಲ. ಗಲ್ಲದ ಹತ್ತಿರ ಹಿಡಿದರೆ ಆ ಮುಖಕ್ಕೆ ಎಷ್ಟು ಬೆಳಕು ಬೀಳುತ್ತಿದೆಯೋ ಅಷ್ಟನ್ನೇ ಹೇಳುತ್ತದೆ. ಕಷ್ಟ ಏನೆಂದರೆ, ಇದು ಇಬ್ಬರ ಕೆಲಸ. ಒಬ್ಬರು ಅಲ್ಲಿ ಹಿಡಿಯಬೇಕು, ಒಬ್ಬರು ಇಲ್ಲಿ ಅದಕ್ಕೆ ತಕ್ಕಂತೆ ಕ್ಯಾಮೆರಾದ ಸ್ಪೀಡ್ ತಿರುಗಿಸಬೇಕು.

ಅಲ್ಲಿ ಹಿಡಿಯುತ್ತಿದ್ದವಳು ಮುನಿಲಕ್ಷ್ಮಿ. ನಂಬರ್ ಓದುವುದು ಅವಳಿಗೆ ಬೇಸರ. ಗಾಜಿನ ಅಂಚಿಗೆ ಉಗುರುಬಣ್ಣದಲ್ಲಿ ಐದು ಚುಕ್ಕೆ ಇಟ್ಟುಕೊಂಡಿದ್ದಳು. ಒಂದೊಂದಕ್ಕೂ ಹೆಸರು. ಬೆಣ್ಣೆ ಅಂದರೆ ಬಟಾಬಯಲ ಬಿಸಿಲು. ಆಮೇಲೆ ಮೊಸರು, ಹಾಲು, ಮಜ್ಜಿಗೆ, ಹೀಗೆ ತೆಳ್ಳಗಾಗುತ್ತ ಕೊನೆಗೆ ಕಲಗಚ್ಚು. ದನಕ್ಕೆ ಇಡುವ ಅಕ್ಕಿ ತೊಳೆದ ನೀರು. ಮುಳ್ಳು ಅಲ್ಲಿಗೆ ಬಂದರೆ, "ಕಲಗಚ್ಚು! ಅಂಗಡಿ ಮುಚ್ಚಿ" ಅನ್ನುತ್ತಿದ್ದಳು. ತಮಿಳು ಗಿರಾಕಿಗಳು, ಈ ಅಮ್ಮ ಮದುವೆ ಮಂಟಪದಲ್ಲಿ ಮಜ್ಜಿಗೆ ಮಜ್ಜಿಗೆ ಅಂತ ಯಾಕೆ ಕೂಗುತ್ತಾರೆ ಅಂತ ತಲೆ ಕೆಡಿಸಿಕೊಳ್ಳುತ್ತಿದ್ದರು. ಒಂದು ಮದುವೆಯಲ್ಲಿ ಯಾರೋ ಪುಣ್ಯಾತ್ಮರು ಲೋಟದಲ್ಲಿ ತಂದೇ ಕೊಟ್ಟರು. ಇಬ್ಬರೂ ಕುಡಿದೆವು.

ಚುಕ್ಕೆ ಐದೂ ಇವೆ. ಒಂದು ಸ್ವಲ್ಪ ಸಿಪ್ಪೆ ಎದ್ದಿದೆ.

ಮುನಿಲಕ್ಷ್ಮಿ ಕೊಳ್ಳೇಗಾಲದ ಕಡೆಯವಳು. ಈ ಕನ್ನಡ ಅಕ್ಷರ ನನಗೆ ಕಲಿಸಿದ್ದೂ ಅವಳೇ. ನಮ್ಮೂರು ತಮಿಳುನಾಡಿಗೆ ಸೇರಿದ್ದು, ನಾನು ಶಾಲೆಯಲ್ಲಿ ಓದಿದ್ದು ತಮಿಳು. ಮಾತು ಕನ್ನಡ, ಬರಹ ತಮಿಳು, ಸಿಟ್ಟು ಬಂದರೆ ಇಂಗ್ಲಿಷ್. ಈಗ ಮನೆಯಲ್ಲಿ ಕನ್ನಡ ಓದುವವರು ನಾನೊಬ್ಬನೇ. ಬರೆದದ್ದನ್ನು ಬಚ್ಚಿಡುವ ತೊಂದರೆ ಇಲ್ಲ. ವೆರಿ ಕನ್ವೀನಿಯಂಟ್.

ಜನವರಿ 25

ನಿನ್ನೆ ಬರೆಯಲಾಗಲಿಲ್ಲ. ಮಲೆ ಮೇಲಿದ್ದೆ.

ಕೊಳತ್ತೂರಿನವರೆಗೆ ಬಸ್ಸು. ಆಮೇಲೆ ಕಾಲು. ಕುಪ್ಪಸ್ವಾಮಿ ಕೆಳಗೇ ಕಾದಿದ್ದ, ಸ್ಟ್ಯಾಂಡ್ ಹೊತ್ತುಕೊಂಡ. ಬ್ಯಾಗ್ ಮಾತ್ರ ನಾನು ಬಿಡಲಿಲ್ಲ. ಹೊಸ ಪಟ್ಟಿ ಹೆಗಲು ಕೊಯ್ಯಿತು.

ರಾಮಕ್ಕ ಸಣ್ಣ ಮುದುಕಿ. ಕೂತಲ್ಲೇ ಇಡೀ ಮನೆ ಆಳುತ್ತಾಳೆ. ನನ್ನ ಕಾಲಸದ್ದು ಕೇಳಿ,

"ಪಟದೋನಾ? ಏನ್ ಸಾಮಿ, ಎಮ್ಮೆ ಅಂಗೆ ಏದುಸ್ರು ಬುಡ್ತಿದೀಯೆ. ಮೊದ್ಲು ಕೂತ್ಕೊ. ನೀನೇ ಕಣ್ ಮುಚ್ಗಂಡ್ಬುಟ್ರೆ ನಿನ್ ಪಟ ಯಾರ್ ಇಡಿಯೋದು?"

ಬಿಸಿಲಿನಲ್ಲಿ ಕೂರಿಸಿದೆ. ಕಣ್ಣು ಕಿರಿದಾಗಿ ಗೀಟಾಯಿತು. ಹುಣಸೆ ನೆರಳಿಗೆ ತಂದೆ. ಕಣ್ಣು ಬಿಟ್ಟಳು, ಬಾಯಿ ಮುಚ್ಚಲಿಲ್ಲ. ಸೊಸೆ ಮಾಡಿದ ಸಾರು, ಚಿರತೆ ಎತ್ತಿಕೊಂಡು ಹೋದ ಮರಿ, ನನ್ನ ಜಾತಕ, ನನ್ನ ಹೆಂಡತಿ ಊರು, ಎಲ್ಲಾ ಬೇಕು. ನೆರಳಿನಲ್ಲಿ ಸ್ಲೋ ಸ್ಪೀಡ್ ಇಡಬೇಕು, ಮುಖ ಅಲ್ಲಾಡಬಾರದು. "ಅಮ್ಮಾ, ಒಂದು ನಿಮಿಷ ಸುಮ್ಮನಿರಿ" ಅಂದೆ. "ಸುಮ್ನೇ ಇವ್ನಿ. ಸುಮ್ನೆ ಇರೋದ್ರಲ್ಲಿ ನನ್ ಮೀರ್ಸೋರ್ ಯಾರೂ ಇಲ್ಲ. ನಮ್ಮತ್ತೆ ಏಳೋರು…" ಅಂತ ಅತ್ತೆಯ ಕತೆ ಶುರು.

ಇದ್ದ ರೀಲು ಮುಗಿಸಿದೆ. ಕೊನೆ ಬಸ್ಸು ತಪ್ಪಿತು. ತಪ್ಪಿದ್ದೇ ಒಳ್ಳೆಯದಾಯಿತು.

ಹೊತ್ತು ಮುಳುಗುವಾಗ ಕುರಿ ಬಂದವು. ದೊಡ್ಡಿ ಬಾಯಲ್ಲಿ ಒಂದು ಚಪ್ಪಟೆ ಕಲ್ಲು. ರಾಮಕ್ಕ ತಡವುತ್ತ ಹೋಗಿ ಅದರ ಮೇಲೆ ಕೂತಳು. ಕುರಿಗಳು ಒಂದೊಂದಾಗಿ ಅವಳ ಮೊಣಕಾಲು ಒರೆಸಿಕೊಂಡು ಒಳಗೆ ಹೋಗಬೇಕು, ಒಂದೊಂದರ ಬೆನ್ನ ಮೇಲೂ ಅವಳ ಅಂಗೈ ಹಾಯಬೇಕು. ಅದು ಲೆಕ್ಕ. ಹಗಲಿಡೀ ನಿಲ್ಲದ ಬಾಯಿ ಅಲ್ಲಿ ಮುಚ್ಚಿಹೋಯಿತು. ಕತ್ತು ಕದಲಲಿಲ್ಲ. ಕಣ್ಣು ಎರಡೂ ಅಗಲ ತೆರೆದು ಎದುರಿಗಿತ್ತು, ಯಾವುದನ್ನೂ ನೋಡುತ್ತಿರಲಿಲ್ಲ. ಕಿವಿ ಗಂಟೆಯ ಮೇಲೆ, ಕೈ ಕುರಿಯ ಮೇಲೆ.

ಅಯ್ಯೋ, ಇದೇ ಪಟ! ಅಂದುಕೊಂಡೆ. ಕ್ಯಾಮೆರಾದಲ್ಲಿ ಫಿಲ್ಮ್ ಇಲ್ಲ. ಇದ್ದರೂ ಒಳಗಿನ ಮುಳ್ಳು ಮಲಗಿಬಿಟ್ಟಿತ್ತು.

ಜನವರಿ 26

ರೀಲು ತೊಳೆದೆ. ದಂಡ. ಬಿಸಿಲಿನವಕ್ಕೆ ಕಣ್ಣಿಲ್ಲ. ನೆರಳಿನವುಗಳಲ್ಲಿ ಹಿಂದಿನ ಬಿಳಿ ಬಂಡೆ ಚೆನ್ನಾಗಿ ಬಂದಿದೆ, ಮುಂದೆ ಕೂತ ಮುದುಕಿ ಕಪ್ಪು. ಕ್ಯಾಮೆರಾದ ಮುಳ್ಳು ಬಂಡೆ ನೋಡಿ ಮರುಳಾಗಿದೆ. ಹೋಗಲಿ, ಮುಖ ಬಂದಿದ್ದರೂ ಬಾಯಿ ಅಲ್ಲಾಡಿ ಒಂದು ಮೂರಾಗಿರುತ್ತಿತ್ತು.

ದೊಡ್ಡಕ್ಕ ನೆಗೆಟಿವ್ ಬೆಳಕಿಗೆ ಹಿಡಿದು, "ಬಂಡೆ ಪಟ ಭೇಷಾಗೈತೆ. ಗೋಡೆಗ್ ಆಕು" ಅಂದಳು.

ಒಂದು ಉಪಾಯ ಹೊಳೆದಿದೆ. ಕುರಿ ಬಂದರೆ ತಾನೇ ಅವಳು ಸುಮ್ಮನಾಗುವುದು? ಕುರಿಯನ್ನೇ ಬೇಗ ಹೊಡೆದುಕೊಂಡು ಬಂದರೆ? ನಾಲ್ಕು ಗಂಟೆಗೆ ಒಳ್ಳೆ ಬೆಳಕು, ಹಾಲಿನಂಥದ್ದು. ಸಿಂಪಲ್. ಕುಪ್ಪಸ್ವಾಮಿಗೆ ಸಂತೆಯವರ ಕೈಲಿ ಹೇಳಿ ಕಳಿಸಿದೆ.

ಫೆಬ್ರವರಿ 4

ಮಂಡಿಗೆ ಎಣ್ಣೆ. ದೊಡ್ಡಕ್ಕ ಉಜ್ಜಿದಳು, ಉಜ್ಜುತ್ತ ನಕ್ಕಳು.

ಉಪಾಯದ ಕತೆ ಬರೆಯಲು ನಾಚಿಕೆ. ಬರೆಯುತ್ತೇನೆ, ಯಾರು ಓದುತ್ತಾರೆ.

ನಾಲ್ಕು ಗಂಟೆ. ದೊಡ್ಡಿ ಎದುರು ಸ್ಟ್ಯಾಂಡ್ ಹೂಡಿ ಕಾದೆ. ಗಂಟೆ ಸದ್ದು ಕೇಳಿತು. ರಾಮಕ್ಕ ಮನೆಯೊಳಗಿಂದ ಬಂದು ಕಲ್ಲಿನ ಮೇಲೆ ಕೂರುವ ಬದಲು ನಿಂತಲ್ಲೇ ಕಿರುಚಿದಳು:

"ಏನಾಯ್ತ್ಲಾ ಕುಪ್ಪಾ? ಯಾವ್ದ ಇಡೀತು ಚಿರ್ತೆ?"

"ಏನೂ ಇಲ್ಲವ್ವಾ, ಸುಮ್ಕೆ ಬೇಗ ಬಂದೊ."

"ಸುಮ್ಕೆ ಯಾವನ್ಲಾ ಕುರಿ ಒಡ್ಕಂಡ್ ಬತ್ತಾನೆ? ಬಿಸ್ಲು ಇನ್ನೂ ನನ್ ಪಾದದ್ ಮ್ಯಾಲೈತೆ! ನಂಗ್ ಕಾಣಲ್ಲ ಅಂತ ಸುಳ್ಳ್ ಏಳ್ತೀಯಾ?"

ಬೆಳಕು ಬೇಕು ಅಂತ ನಾನೇ ಹೇಳಿಸಿದ್ದೆ ಅಂದೆ. ಮುದುಕಿ ನನ್ನ ಕಡೆ ತಿರುಗಿ, "ನಿಂಗ್ ಬೆಳ್ಕು ಬೇಕು ಅಂತ ನನ್ ಕುರಿ ಅರ್ಧ ಒಟ್ಟೇಲಿ ಬರ್ಬೇಕಾ?" ಅಂದಳು. ಕೈ ಸುಮ್ಮನಿರಲಾರದೆ ಬ್ಯಾಗಿನ ಮುಚ್ಚಳ ತೆಗೆದೆ. ಪರ್ರ್! ಮುಂದಿದ್ದ ಮರಿಗಳು ಚೆದುರಿದವು, ಅವುಗಳ ಹಿಂದೆ ತಾಯಿಗಳು, ಅವುಗಳ ಹಿಂದೆ ಕುಪ್ಪಸ್ವಾಮಿ. ಎಲ್ಲಾ ಸೇರಿಸುವಷ್ಟರಲ್ಲಿ ಕತ್ತಲು.

ಆದರೂ ರಾಗಿಮುದ್ದೆ ಹಾಕಿ ಉಪಚಾರ ಮಾಡಿಯೇ ಕಳಿಸಿದಳು. ಊಟ ಬಡಿಸುವಾಗ ಸೌಟು ತಟ್ಟೆಯ ಹೊರಗೆ ಹೋಯಿತು. ನೋಡದವನ ಹಾಗೆ ತಟ್ಟೆ ಸರಿಸಿದೆ.

"ಎಡಗಣ್ಣಾಗೆ ಈಗ ಬರೀ ಒಗೆ ಸಾಮಿ," ಅಂದಳು. "ಬಲಗಣ್ಣು ಊದುಕೊಳ್ವೇಲಿ ನೋಡ್ದಂಗೆ. ನಡ್ಮಧ್ಯ ಒಸಿ ಐತೆ. ಬಿರ್ರನೆ ಮಾಡು."

ತಮಾಷೆ ಇಲ್ಲದೆ ಅವಳು ಆಡಿದ್ದು ಅದೊಂದೇ ಮಾತು.

ಫೆಬ್ರವರಿ 6

ಯೋಚನೆ.

ಅವಳನ್ನು ಸುಮ್ಮನಾಗಿಸುವುದು ಕುರಿ. ಕುರಿ ಬರುವುದು ಕತ್ತಲ ಅಂಚಿಗೆ. ಆ ಬೆಳಕು ನಿಮಿಷ ನಿಮಿಷಕ್ಕೂ ಇಳಿಯುತ್ತದೆ. ಕ್ಯಾಮೆರಾ ಟಕ್ ಅಂದರೆ ಸಾಕು, ಅವಳು ತಿರುಗುತ್ತಾಳೆ. ಅಂಥ ಕಿವಿ. ಆದ್ದರಿಂದ ಒಂದೇ ಫೋಟೋ. ಆ ಒಂದಕ್ಕೆ ಬೆಳಕಿನ ಅಳತೆ ಸರಿಯಿರಬೇಕು, ಆ ಗಳಿಗೆಯದ್ದು, ಆ ಮುಖದ್ದು. ಅಂದರೆ ಮುದುಕಿಯ ಪಕ್ಕದಲ್ಲಿ ಮೀಟರು ಹಿಡಿದು ಯಾರಾದರೂ ಕೂರಬೇಕು. ನಾನು ಹೋಗಿ ನೋಡಿ ಬರುವ ಹಾಗಿಲ್ಲ. ಕುರಿ ಬೆದರುತ್ತವೆ. ಮುಸ್ಸಂಜೆಯಲ್ಲಿ ಆ ಮುಳ್ಳು ನನ್ನ ಕಣ್ಣಿಗೂ ಕಾಣುವುದಿಲ್ಲ, ಅದು ಬೇರೆ.

ಮಧ್ಯಾಹ್ನ ಸ್ಟುಡಿಯೋದಲ್ಲಿ ಒಬ್ಬನೇ ಸ್ಟೂಲಿನ ಮೇಲೆ ಮೀಟರು ಇಟ್ಟು, ಹಿಂದೆ ಬಂದು ಕ್ಯಾಮೆರಾದ ಬಳಿ ನಿಂತೆ. ಯಾರೂ ಏನೂ ಹೇಳಲಿಲ್ಲ. ಹೇಳಲು ಸ್ಟೂಲಿಗೆ ಬಾಯಿಲ್ಲ. ಗೊತ್ತಿದ್ದೂ ಸ್ವಲ್ಪ ಹೊತ್ತು ಕಾದೆ.

ಫೆಬ್ರವರಿ 19

ಜ್ವರ. ಹತ್ತು ಹನ್ನೆರಡು ದಿನ ಪೆನ್ನು ಮುಟ್ಟಿಲ್ಲ. ದೊಡ್ಡಕ್ಕ ಮೆಣಸಿನ ಸಾರು ಹೊಯ್ದೂ ಹೊಯ್ದೂ ಎಬ್ಬಿಸಿದಳು.

ಈಗ ಸಂಜೆ. ಒಳಗೆ ಒಂದು ವಿಚಿತ್ರ ನಡೆದಿದೆ, ಅದಕ್ಕೇ ಎದ್ದು ಬರೆಯುತ್ತಿದ್ದೇನೆ. ಹಜಾರದಲ್ಲಿ ಮಲಗಿದ್ದೆ. ಅಡುಗೆಮನೆ ಬಾಗಿಲಲ್ಲಿ ದೊಡ್ಡಕ್ಕ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಿ ಹೊರಗೆ ನೋಡಿ, ತನ್ನಷ್ಟಕ್ಕೆ, "ಮಜ್ಜಿಗೆ ಆಯ್ತು, ದೀಪ ಆಕ್ಬೇಕು" ಅಂದಳು.

ಎದ್ದು ಕೂತೆ. "ಏನಂದೆ?"

"ದೀಪ ಆಕ್ಬೇಕು ಅಂದೆ."

"ಅದಕ್ಕೆ ಮುಂಚೆ."

"ಮಜ್ಜಿಗೆ ಅಂದೆ. ಅಷ್ಟ್ ವರ್ಸ ಈ ಮನೇಲಿ ನಿಮ್ಮಿಬ್ರು ಕೂಗಾಟ ಕೇಳಿವ್ನಿ. ಮೊಸ್ರು ಅಂತ ಅವ್ಳು, ಮೊಸ್ರಾ ಮಜ್ಜಿಗೆನಾ ಸರಿಯಾಗ್ ಏಳು ಅಂತ ನೀನು. ಒಲೆ ಮುಂದೆ ನಂಗೆ ನಿಜವಾದ್ ಮಜ್ಜಿಗೆ ಯಾವ್ದು ಅಂತಾನೇ ಮರ್ತೋಗಿತ್ತು."

"ಚುಕ್ಕೆ ಗೊತ್ತಾ ನಿನಗೆ?"

"ಉಗುರ್ ಬಣ್ಣ ಯಾರ್ದು ಅಂದ್ಕಂಡೆ? ನಂದೇ. ಪುಷ್ಪನ್ ಮದ್ವೇಲಿ ಅವ್ಳು ಈಸ್ಕಂಡಿದ್ದು. ಇನ್ನೂ ವಾಪಸ್ ಬಂದಿಲ್ಲ."

ಹೊರಡೋಣ ಅಂದೆ. ಮೊದಲು ಜ್ವರ ಬಿಡಲಿ ಅಂದಳು. ಆಮೇಲೆ, ಮಲೆ ಹತ್ತಲು ತನಗೇನೂ ಕಷ್ಟವಿಲ್ಲ, ನನ್ನನ್ನು ಹೊತ್ತುಕೊಂಡು ಹತ್ತುವುದೇ ಕಷ್ಟ ಅಂದಳು.

ಅಟ್ಟದಿಂದ ಗೋಣಿ ಬ್ಯಾಗ್ ಇಳಿಸಿದ್ದೂ ಅವಳೇ. ಕೊಡವಿ, ಬಿಸಿಲಿಗೆ ಹಾಕಿ, ಒಂದು ಕಡೆ ಹೊಲಿಗೆ ಬಿಟ್ಟಿತ್ತು ಅಂತ ದಬ್ಬಳ ತಂದು ಕೂತಿದ್ದಾಳೆ. ಮಗಳ ಬ್ಯಾಗಿನಲ್ಲಿ ಈಗ ನನ್ನ ಔಷಧಿ. ಒಂದೊಂದು ಗುಳಿಗೆಗೂ ಒಂದೊಂದು ಜೇಬು. ಅದಕ್ಕೆ ಪರ್ಫೆಕ್ಟ್.

ಫೆಬ್ರವರಿ 27

ಮೊನ್ನೆ ಆಯಿತು. ಕ್ರಮವಾಗಿ ಬರೆಯಲು ನೋಡುತ್ತೇನೆ, ನನ್ನಿಂದ ಕ್ರಮ ಸಾಧ್ಯವಾದರೆ.

ಮುದುಕಿಯರಿಬ್ಬರೂ ಅರ್ಧ ಗಂಟೆಯಲ್ಲಿ ಗೆಳತಿಯರು. ನನ್ನನ್ನು ಆಡಿಕೊಳ್ಳುವುದೇ ಬಂಡವಾಳ. ಐದೂವರೆಗೆ ಸ್ಟ್ಯಾಂಡ್ ಹೂಡಿದೆ. ಕಡಿಮೆ ಬೆಳಕಿಗೂ ಸಾಲುವ ನಾನೂರರ ಫಿಲ್ಮ್. ಲೆನ್ಸ್ ಪೂರಾ ತೆರೆದದ್ದು. ಕೈ ತಾಗಿ ಅಲ್ಲಾಡಬಾರದು ಅಂತ ಗುಂಡಿಯ ಬದಲು ಒತ್ತುವ ಕೇಬಲ್ ಬೆರಳಲ್ಲಿ. ದೊಡ್ಡಕ್ಕ ಕಲ್ಲಿನ ಪಕ್ಕ ನೆಲದ ಮೇಲೆ ಕೂತು ಮೀಟರನ್ನು ರಾಮಕ್ಕನ ಗಲ್ಲದ ಕೆಳಗೆ ಹಿಡಿದಳು. ಕುರಿ ಬಂದಾಗ ಕೈ ತೆಗೆಯಬೇಕು, ಆಮೇಲೆ ಉಸಿರೆತ್ತಬಾರದು ಅಂತ ಒಪ್ಪಂದ.

"ಇದೇನವ್ವಾ ಇದು, ಮೊಟ್ಟೆನಾ?" ಅಂತ ರಾಮಕ್ಕ.

"ಮೊಟ್ಟೆನೇ. ಕಾವ್ ಕೊಡು, ನನ್ ತಮ್ಮಂಗೆ ಬುದ್ಧಿ ಮರಿ ಆಗುತ್ತೆ."

"ಅಕ್ಕಾ!" ಅಂದೆ.

"ಹಾಲು," ಅಂದಳು. ತುಂಬ ಗಂಭೀರವಾಗಿ.

ಕ್ಯಾಮೆರಾದ ಸ್ಪೀಡ್ ತಿರುಗಿಸಿದೆ. ಕುರಿ ಇಲ್ಲ. ಸೂರ್ಯ ಮಲೆಯ ಹಿಂದೆ ಇಳಿದ.

"ಮಜ್ಜಿಗೆ."

ಸ್ಪೀಡ್ ಇಳಿಸಿದೆ. ಗಂಟೆ ಸದ್ದಿಲ್ಲ. ಕುಪ್ಪಸ್ವಾಮಿ ಎಲ್ಲಿ ಹೋದ? ಕಳೆದ ಸಲದ ಬೈಗುಳ ತಿಂದವನು, ಇವತ್ತು ಹೊಟ್ಟೆ ತುಂಬ ಮೇಯಿಸಿಕೊಂಡೇ ಬರುತ್ತಾನೆ.

"ಮಜ್ಜಿಗೆ… ನೀರ್ ಆಗ್ತಾ ಐತೆ."

ದೂರದಲ್ಲಿ ಗಂಟೆ. ರಾಮಕ್ಕ ಅರ್ಧ ಹೇಳಿದ್ದ ಮಾತು ಅಲ್ಲೇ ಬಿಟ್ಟಳು. ಬೆನ್ನು ನೆಟ್ಟಗಾಯಿತು. ಮೊದಲ ಕುರಿ ತಿರುವಿನಲ್ಲಿ ಕಂಡಿತು.

ದೊಡ್ಡಕ್ಕ ಮೀಟರಿಗೆ ಮೂಗು ತಾಗುವಷ್ಟು ಬಗ್ಗಿ ನೋಡಿದಳು. ನನ್ನ ಕಡೆ ತಿರುಗಿ ಮೆಲ್ಲಗೆ, ಬಹಳ ಮೆಲ್ಲಗೆ,

"ಕಲಗಚ್ಚು."

ಕೈ ತೆಗೆದುಬಿಟ್ಟಳು.

ಕಲಗಚ್ಚು ಅಂದರೆ ಅಂಗಡಿ ಮುಚ್ಚಬೇಕು. ಅಷ್ಟು ವರ್ಷ ಮುಚ್ಚಿದ್ದೇವೆ. ಆ ಬೆಳಕಿಗೆ ಅರ್ಧ ಸೆಕೆಂಡ್ ಬೇಕು. ಅರ್ಧ ಸೆಕೆಂಡ್ ಯಾವ ಮನುಷ್ಯನೂ ಕಲ್ಲಿನ ಹಾಗೆ ಕೂರುವುದಿಲ್ಲ, ರೆಪ್ಪೆಯಾದರೂ ಬಡಿಯುತ್ತದೆ. ಆದರೆ ಅವಳು ಕೂತಿದ್ದಳು. ಕುರಿಗಳು ಮೊಣಕಾಲು ಒರೆಸಿಕೊಂಡು ಹೋಗುತ್ತಿದ್ದವು, ಕೈ ಆಡುತ್ತಿತ್ತು, ಮುಖ ಅಲ್ಲೇ ಇತ್ತು, ಆ ಕಣ್ಣು ಅಲ್ಲೇ ಇತ್ತು. ಮುಚ್ಚುವುದಿಲ್ಲ ಕಣೇ ಮುನಿಲಕ್ಷ್ಮಿ, ಅಂತ ಮನಸ್ಸಿನಲ್ಲಿ ಅಂದೆ. ಅರ್ಧ ಸೆಕೆಂಡಿಗೆ ಇಟ್ಟು ಕೇಬಲ್ ಒತ್ತಿದೆ.

ಟಕ್… ಟಕ್.

ರಾಮಕ್ಕ ತಿರುಗಲಿಲ್ಲ. ಲೆಕ್ಕ ಮುಗಿಯುವವರೆಗೆ ತಿರುಗಲಿಲ್ಲ. ಮುಗಿದ ಮೇಲೆ, "ಕೇಳುಸ್ತು ಕಣಪ್ಪಾ ನಿನ್ ಟಕ್ಕು. ಲೆಕ್ಕದ್ ನಡುವೆ ಮಾತಾಡ್ಬಾರ್ದು ಅಂತ ಬೈನಿಲ್ಲ" ಅಂದಳು.

ಫೆಬ್ರವರಿ 28. ಸಂಜೆ

ತೊಳೆದೆ. ಅವಸರದಲ್ಲಿ ಟ್ರೇಯಿಂದ ನೀರು ಚೆಲ್ಲಿದೆ. ದೊಡ್ಡಕ್ಕ ಡಾರ್ಕ್‌ರೂಂ ಬಾಗಿಲಲ್ಲಿ, "ಬಂತಾ? ಬಂತೇನ್ಲಾ? ಬಾಯಿ ಬಿಡು" ಅಂತ ಒಂದೇ ಸಮನೆ.

ಬಂತು.

ಕೆಂಪು ಬಲ್ಬಿನ ಕೆಳಗೆ ಕಾಗದದ ಮೇಲೆ ಮೊದಲು ಕಂಡದ್ದು ಕಣ್ಣು. ಆಮೇಲೆ ಮೂಗು, ಸೆರಗು. ಕುರಿಗಳು ಕುರಿಗಳಾಗಿ ಬಂದಿಲ್ಲ, ಅವಳ ಕಾಲ ಸುತ್ತ ಬೆಳ್ಳಗೆ ಹರಿದುಹೋಗಿವೆ, ಯಾರೋ ಕಲಗಚ್ಚಿನ ತಪ್ಪಲೆ ಚೆಲ್ಲಿದ ಹಾಗೆ. ಕೈಯೂ ಹಾಗೇ ಕರಗಿದೆ. ಮುಖ ಮಾತ್ರ ನಿಂತಿದೆ. ಕತ್ತಲಾದ್ದರಿಂದ ಕಣ್ಣಿನ ಕಪ್ಪು ಅರಳಿದೆ. ಎರಡೂ ಕಣ್ಣಿನಲ್ಲಿ ಆಕಾಶದ ಒಂದೊಂದು ಚೂರು.

ಇಪ್ಪತ್ತೆಂಟು ವರ್ಷದ ಸರ್ವೀಸಿನಲ್ಲಿ ಇಂಥದ್ದು… ಇಂಗ್ಲಿಷಿನಲ್ಲಿ ಒಂದು ಪದ ಇದೆ, ಕಾಲೇಜಿನಲ್ಲಿ ಗೊತ್ತಿತ್ತು. ಎಸ್ಸಿನಿಂದ ಶುರುವಾಗುತ್ತದೆ. ಬಿಡು.

ದೊಡ್ಡಕ್ಕ ಬಹಳ ಹೊತ್ತು ನೋಡಿದಳು. "ಚೆನ್ನಾಗೈತೆ" ಅಂದಳು. ಅಷ್ಟೇ! ತಮಾಷೆ ಸೇರಿಸಲಿಲ್ಲ. ಆಮೇಲೆ ಹೋಗಿ, ಕೇಳದೆಯೇ, ಕಾಫಿ ತಂದಳು.

ಮಾರ್ಚ್ 10. ಪಾಲಮಲೆ. ಸಂಜೆ

ದೊಡ್ಡಿಯ ಮುಂದಿನ ಚಪ್ಪಟೆ ಕಲ್ಲಿನ ಮೇಲೆ ಕೂತು ಬರೆಯುತ್ತಿದ್ದೇನೆ. ಯಾಕೆ ಇಲ್ಲಿ ಕೂತಿದ್ದೇನೆ ಅಂತ ಆಮೇಲೆ.

ಫ್ರೇಮ್ ಹಾಕಿಸಿ ತಂದೆವು. ಗಾಜು ಹೊಳೆದರೆ ಅವಳಿಗೆ ಕಾಣುವುದಿಲ್ಲ ಅಂತ ಬಿಡಿ ಪ್ರಿಂಟ್ ಒಂದನ್ನು ದೊಡ್ಡದಾಗಿ ಮಾಡಿ ತಂದಿದ್ದೆ. ಮಧ್ಯಾಹ್ನ ಅಂಗಳದ ಬಿಸಿಲಿನಲ್ಲಿ ರಾಮಕ್ಕ ಅದನ್ನು ಬಲಗಣ್ಣಿಗೆ ಅಂಟಿಸಿಕೊಂಡ ಹಾಗೆ ಹಿಡಿದಳು. ಊದುಕೊಳವೆಯಲ್ಲಿ ನೋಡಿದ ಹಾಗೆ ಅಂದಿದ್ದಳಲ್ಲ, ಹಾಗೇ. ಬೆರಳಗಲ ಬೆರಳಗಲ ಸರಿಸುತ್ತ ಕೆಳಗಿನಿಂದ ಮೇಲೆ ಬಂದಳು.

"ಕುರಿ ಎಲ್ಲಪ್ಪಾ? ನನ್ ಕುರಿನೆಲ್ಲ ಒಗೆ ಮಾಡ್ಬುಟ್ಟಿದೀಯ. ಒಂದಾನಾ ಲೆಕ್ಕಕ್ ಸಿಗ್ತಿಲ್ಲ."

"ಮೇಲೆ ನೋಡಮ್ಮಾ," ಅಂದೆ.

ಸೀರೆ. ಕತ್ತಿನ ದಾರ. ಗಲ್ಲ. ಪಟ ನಿಂತಿತು. ಕುಪ್ಪಸ್ವಾಮಿ ಅವಳ ಪಕ್ಕ ಬಂದು ಕೂತ. ಒಂದು ಕಣ್ಣು ನೋಡಿದಳು. ಸರಿಸಿ ಇನ್ನೊಂದು ಕಣ್ಣು ನೋಡಿದಳು. ಮತ್ತೆ ಮೊದಲನೆಯದಕ್ಕೆ ಬಂದಳು. ಅಷ್ಟು ಹೊತ್ತು ಅವಳು ಸುಮ್ಮನಿದ್ದದ್ದು ಕುರಿ ಇಲ್ಲದೆ ಇದೇ ಮೊದಲಂತೆ.

"ಇಷ್ಟ್ ದೊಡ್ಡವಾ ಕಣ್ಲಾ ನನ್ ಕಣ್ಣು?" ಅಂದಳು.

"ಊಂ ಕಣವ್ವಾ," ಅಂದ ಕುಪ್ಪಸ್ವಾಮಿ.

"ಮೊದ್ಲೇ ಏಳ್ಬಾರ್ದಾಗಿತ್ತಾ ಯಾರಾನಾ?" ಪಟ ಮಡಿಲಿಗೆ ಇಳಿಸಿ, "ನಿಮ್ಮಪ್ಪ ಏಳೋರು. ನಾನು ಸುಮ್ಕಿರಿ ಅಂದ್ಬುಡ್ತಿದ್ದೆ."

ಚೌಕಟ್ಟಿನ ಪಟ ಬಾಗಿಲಿಗೆ ಎದುರಿನ ಗೋಡೆಯಲ್ಲಿ ಮೊಳೆ ಹತ್ತಿತು. ಮೊಳೆ ಎಲ್ಲಿ ಅಂತ ತೋರಿಸಿದ್ದು ಅವಳೇ, ಕೈ ತಡವಿ. ಬಿಡಿ ಪ್ರಿಂಟ್ ದಿಂಬಿನ ಕೆಳಗೆ. ದಿನಾ ಬೆಳಿಗ್ಗೆ ಬಿಸಿಲಿಗೆ ತಂದು ನೋಡುತ್ತಾಳಂತೆ, ಕಾಣುವವರೆಗೆ. "ಆಮ್ಯಾಕೆ ಅದು ನನ್ನ ನೋಡ್ತಾ ಇರ್ಲಿ" ಅಂದಳು, ನಕ್ಕಳು.

ಊಟದ ಮೇಲೆ ಇದ್ದಕ್ಕಿದ್ದಂತೆ, "ನಿಂದೈತಾ ಸಾಮಿ ಪಟ?"

ನನ್ನದೇ? ಮದುವೆಯದೊಂದು ಇದೆ, ಅದರಲ್ಲಿ ಮೀಸೆ ಮಾತ್ರ ಕಾಣುತ್ತದೆ. ಆಮೇಲೆ ನಾನು ಯಾವಾಗಲೂ ಕ್ಯಾಮೆರಾದ ಹಿಂದೆ. ಇಲ್ಲ ಅಂದೆ. ಬೇಡ ಅಂತಲೂ ಅಂದೆ. ಬೇಡ ಯಾಕೆ ಅಂತ ವಿವರಿಸಲು ಶುರುಮಾಡಿದೆ, ಹಾಗೇ ಫಿಸಿಕ್ಸಿನ ಇನ್‌ವರ್ಸ್ ಸ್ಕ್ವೇರ್ ಲಾ ಕಡೆಗೂ ಸ್ವಲ್ಪ ಹೋದೆ. ದೊಡ್ಡಕ್ಕ ತಲೆ ಚಚ್ಚಿಕೊಂಡಳು.

"ಇವ್ನೂ ನಿನ್ ಅಂಗೇ ರಾಮಕ್ಕಾ. ಬಾಯಿ ನಿಲ್ಲಲ್ಲ."

"ನಂಗ್ ಕುರಿ ಐತೆ. ಇವ್ನು ಯಾವಾಗ್ ಸುಮ್ಕಾಗ್ತಾನೆ?"

"ಒಂದ್ ಬುಕ್ ಐತೆ. ಸಂಜೆ ಆದ್ರೆ ಅದ್ರಾಗೆ ಏನೋ ಗೀಚ್ತಾನೆ. ಆಗ ಮನೇಲಿ ಗೋಡೆ ಮ್ಯಾಗಿನ್ ಗೌಳಿ ಲೊಚಗುಟ್ಟಿದ್ರೂ ಕೇಳುತ್ತೆ."

ಹಾಗಾಗಿ ನಾನು ಈ ಕಲ್ಲಿನ ಮೇಲೆ. ಬರೆಯುತ್ತಲೇ ಇರಬೇಕು, ಮಾತಾಡಬಾರದು, ಕೂಗಿದಾಗ ತಲೆ ಎತ್ತಬೇಕು. ಆರ್ಡರ್. ಸ್ಟ್ಯಾಂಡಿನ ಹಿಂದೆ ಕುಪ್ಪಸ್ವಾಮಿ, ಕೈಯಲ್ಲಿ ಕೇಬಲ್. ಯಾವುದನ್ನು ಎಷ್ಟಕ್ಕೆ ತಿರುಗಿಸಬೇಕು ಅಂತ ಹೇಳಿಕೊಟ್ಟಿದ್ದೇನೆ. ಗೋಣಿ ಬ್ಯಾಗ್ ನನ್ನ ಕಾಲ ಹತ್ತಿರ. ಅದೂ ಪಟದಲ್ಲಿ ಬರಲಿ ಅಂತ ದೊಡ್ಡಕ್ಕನೇ ಇಟ್ಟಳು. ರಾಮಕ್ಕ ಮೇಲ್ವಿಚಾರಣೆ, ಗೋಡೆಗೆ ಒರಗಿ, ಕಿವಿಯಿಂದಲೇ.

ದೊಡ್ಡಕ್ಕ ಪಕ್ಕದಲ್ಲಿ ಕೂತು ಮೀಟರು ನನ್ನ ಗಲ್ಲಕ್ಕೆ ಹಿಡಿದಿದ್ದಾಳೆ. ಗುಮ್ಮಟ ತಣ್ಣಗೆ ತಾಗುತ್ತಿದೆ. ಇಷ್ಟು ಹತ್ತಿರದಿಂದ ನನ್ನ ಮುಖದ ಬೆಳಕನ್ನು ಯಾರೂ ಹೇಳಿರಲಿಲ್ಲ.

"ಹಾಲು," ಅಂದಳು ಆಗಲೇ.

ಕುರಿ ಇನ್ನೂ ಬಂದಿಲ್ಲ. ಇವತ್ತು ಬೇರೆ ಯಾರೋ ಹೊಡೆದುಕೊಂಡು ಬರುತ್ತಿದ್ದಾರೆ. ಕುರಿ ಬಂದರೆ ನಾನು ಕಲ್ಲು ಬಿಡಬೇಕು, ಅದು ರಾಮಕ್ಕನ ಜಾಗ. ಅಷ್ಟರೊಳಗೆ ಮುಗಿಯಬೇಕು. ಕುಪ್ಪಸ್ವಾಮಿ ಒಂದೇ ಕಣ್ಣಿನಿಂದ ನೋಡುವುದನ್ನು ಈಗ ಕಲಿಯುತ್ತಿದ್ದಾನೆ, ಎರಡೂ ಮುಚ್ಚಿಹೋಗುತ್ತಿವೆ. ನಗು ಬರುತ್ತಿದೆ. ನಗಬಾರದಂತೆ.

"ಮಜ್ಜಿಗೆ."

ಗೆರೆಗಳು ಒಂದರ ಮೇಲೊಂದು ಹೋಗುತ್ತಿವೆ ಅನ್ನಿಸುತ್ತದೆ. ಬರೆದದ್ದು ನನಗೇ ಸರಿಯಾಗಿ ಕಾಣುತ್ತಿಲ್ಲ. ಕನ್ನಡಕ ಬ್ಯಾಗಿನಲ್ಲಿದೆ, ಯಾವ ಗೂಡಿನಲ್ಲಿ ಅಂತ ಕೈಗೆ ಗೊತ್ತು, ಆದರೆ ಅಲ್ಲಾಡಬಾರದು. ಗಂಟೆ ಕೇಳಿಸುತ್ತಿದೆ. ದೊಡ್ಡಕ್ಕ ಮೀಟರಿಗೆ ಬಗ್ಗಿದಳು. ಏನು ಹೇಳುತ್ತಾಳೆ ಅಂತ ಗೊತ್ತು. ಹೇಳಲಿ, ಅಂಗಡಿ ಮುಚ್ಚುವುದಿಲ್ಲ. ಬೆಳಕು ಹೋಗುತ್ತಿದೆ, ಕೂಗಿದಳು, ತಲೆ ಎತ್ತಬೇಕು, ಕಣ್ಣು…